ದಪ್ಪ ಮೆಣಸಿನಕಾಯಿ: ಮೊದಲ ಹೂವಿಗೆ ಮರುಗಬೇಡಿ

ನಮ್ಮ ಹೊಸೂರು, ಡೆಂಕಣಿಕೋಟೆ ಸೀಮೆಯಲ್ಲಿ ರಾಗಿ ಹೊಲದ ಮಗ್ಗುಲಲ್ಲೇ ಪಾಲಿಹೌಸ್ ಎದ್ದಿರುತ್ತದೆ. ಒಳಗೆ ಗುಲಾಬಿ, ಇಲ್ಲವೇ ದಪ್ಪ ಮೆಣಸಿನಕಾಯಿ. ಅದನ್ನು ನೋಡಿ ಹಿತ್ತಲಲ್ಲೂ ಹತ್ತು ಗಿಡ ಇಡುವವರು ಬಹಳ. ಸಸಿ ಚೆನ್ನಾಗಿಯೇ ಏಳುತ್ತದೆ. ಆದರೆ ಮೊಣಕಾಲೆತ್ತರಕ್ಕೆ ಬಂದು, ಒಂದೆರಡು ಕಾಯಿ ಹೊತ್ತು, ಅಲ್ಲಿಗೇ ನಿಂತುಬಿಡುತ್ತದೆ. ಎಷ್ಟೋ ಹಿತ್ತಲುಗಳಲ್ಲಿ ಇದನ್ನು ಕಂಡಿದ್ದೇನೆ. ಹೆಚ್ಚಿನ ಕಡೆ ಕಾರಣ ಗೊಬ್ಬರದ ಕೊರತೆಯಲ್ಲ, ಚಿವುಟಬೇಕಾದಾಗ ಕೈ ಬಾರದಿರುವುದು.

ಬಿತ್ತನೆ. ಆಗಸ್ಟ್‌ನಲ್ಲಿ ಬಿತ್ತಿ, ಕಾಯಿ ಕಟ್ಟುವ ಹೊತ್ತಿಗೆ ಬೇಕಾದ ಚಳಿ ಬಂದಿರುತ್ತದೆ. ಟ್ರೇಯ ಗುಳಿಗೊಂದು ಬೀಜ, ಅರ್ಧ ಸೆಂ.ಮೀ. ಆಳ. ಸುಮಾರು 35 ದಿನಕ್ಕೆ ಸಸಿ ನಾಟಿಗೆ ಬರುತ್ತದೆ. ಸಂತೆಯಲ್ಲಿ ತಂದ ಕಾಯಿಯ ಬೀಜ ಬೇಡ. ಅದು ಹೆಚ್ಚಾಗಿ ಹೈಬ್ರಿಡ್, ತಾಯಿಯಂತೆ ಮಗಳು ಬರುವುದಿಲ್ಲ. ಮನೆಗೆ ‘ಇಂದ್ರ’ದಂಥ ಹಸಿರು ತಳಿ ಸಾಕು.

ನಾಟಿ. ಟೊಮೆಟೊ, ಬದನೆ, ಆಲೂಗಡ್ಡೆ ಬೆಳೆದ ಜಾಗ ಬಿಡಿ, ಅವುಗಳ ಮಣ್ಣಿನ ರೋಗವೇ ಇದಕ್ಕೂ ತಗಲುತ್ತದೆ. ಏರುಮಡಿಯಲ್ಲಿ ಒಂದೂವರೆ ಅಡಿಗೊಂದು ಸಸಿ, ಸಂಜೆ ಹೊತ್ತು. ಚೀಲದಲ್ಲಿ ಬೆಳೆಯುವವರು ಮಣ್ಣು, ಕೊಟ್ಟಿಗೆ ಗೊಬ್ಬರ ತಾವೇ ಕಲಸಿಕೊಳ್ಳಿ. ಒಮ್ಮೆ ರೆಡಿ ಮಿಶ್ರಣದ ಮೂಟೆ ತರಿಸಿದ್ದೆ. ಒಳಗಿದ್ದದ್ದು ಬಹುಪಾಲು ತೊಳೆಯದ ತೆಂಗಿನ ನಾರಿನ ಪುಡಿ. ನೀರು ಹಾಕಿದರೆ ಕೆಳಗೆ ಕಾಫಿ ಬಣ್ಣದ ನೀರು ಇಳಿಯುತ್ತಿತ್ತು. ಅದರ ಉಪ್ಪಿಗೆ ಎಲೆಗಳ ಅಂಚೆಲ್ಲ ಸುಟ್ಟುಹೋಯಿತು.

ಚಿವುಟುವುದು. ಇಲ್ಲಿ ಅವಸರ ಬೇಡ. ನಾಟಿಯಾಗಿ ಮೂರು ನಾಲ್ಕು ವಾರಕ್ಕೆ ಒಂಟಿ ಕಾಂಡ ಎರಡು ಕವಲಾಗುತ್ತದೆ, ಕೆಲವು ಸಲ ಮೂರು. ಬಗ್ಗಿ ನೋಡಿ: ಕವಲಿನ ಸಂದಿಯಲ್ಲೇ ಒಂದು ಮೊಗ್ಗು ತಲೆ ತಗ್ಗಿಸಿ ಕೂತಿರುತ್ತದೆ. ಅದನ್ನು ಉಗುರಿನಿಂದ ಚಿವುಟಿ. ಬಿಟ್ಟರೆ ಕಾಯಿ ಎರಡು ಕಾಂಡಗಳ ನಡುವೆ ಸಿಕ್ಕಿಕೊಂಡು ಸೊಟ್ಟಗಾಗುತ್ತದೆ. ಗಿಡವೂ ಬೇರು, ಎಲೆ ಬೆಳೆಸುವುದನ್ನು ಬಿಟ್ಟು ಸತ್ವವನ್ನೆಲ್ಲ ಅದಕ್ಕೇ ಸುರಿಯುತ್ತದೆ.

‘ಹೂ ಬಿಟ್ಟ ಗಿಡಕ್ಕೆ ಕೈ ಹಾಕ್ತೀಯೇನಮ್ಮ?’ ಎಂದು ನಮ್ಮತ್ತೆ ತಡೆದಿದ್ದರು. ಒಂದು ಸಾಲು ಚಿವುಟಿದೆ, ಇನ್ನೊಂದನ್ನು ಅವರ ಮಾತಿಗೆ ಬಿಟ್ಟೆ. ಬಿಟ್ಟ ಸಾಲಿನಲ್ಲಿ ಕಾಯಿ ಮೊದಲೇ ಸಿಕ್ಕಿತು, ನಿಜ. ಸಂಕ್ರಾಂತಿ ಹೊತ್ತಿಗೆ ಆ ಗಿಡಗಳು ಸೊಂಟದೆತ್ತರಕ್ಕೂ ಬಂದಿರಲಿಲ್ಲ. ಚಿವುಟಿದ ಸಾಲಿನಿಂದ ಅತ್ತೆಯೇ ಬುಟ್ಟಿ ತುಂಬಿ ತಂದರು.

ಮೊದಲ ಕವಲಿನ ಕೆಳಗೆ ಕಾಂಡದಲ್ಲಿ ಒಡೆಯುವ ಚಿಗುರನ್ನೆಲ್ಲ ತೆಗೆಯಿರಿ, ನೆಲ ಮುಟ್ಟುವ ಎಲೆಯನ್ನೂ. ಮೇಲೆ ಎರಡು ಗಟ್ಟಿ ಕಾಂಡ ಮಾತ್ರ ಇರಲಿ. ಪಾಲಿಹೌಸಿನವರು ನಾಲ್ಕು ಬಿಡುತ್ತಾರೆ; ಹಿತ್ತಲಿಗೆ ಎರಡೇ ಸರಿ. ಒಂದೊಂದು ಕಾಂಡವೂ ಗೆಣ್ಣು ಗೆಣ್ಣಿಗೆ ಮತ್ತೆ ಕವಲೊಡೆಯುತ್ತದೆ. ಪ್ರತಿ ಸಲ ದಪ್ಪನೆಯದನ್ನು ಮುಂದುವರಿಸಿ, ಸಣ್ಣದನ್ನು ಒಂದು ಎಲೆ, ಒಂದು ಹೂವು ಉಳಿಸಿ ಚಿವುಟಿ. ಎಂಟು ಹತ್ತು ದಿನಕ್ಕೊಮ್ಮೆ ಈ ಕೆಲಸ ಇದ್ದೇ ಇದೆ. ಕಾಂಡವನ್ನು ಮೇಲಿನ ತಂತಿಯಿಂದ ಇಳಿಬಿಟ್ಟ ಹುರಿಗೆ ಸಡಿಲವಾಗಿ ಸುತ್ತಿ. ಜಗ್ಗಿದರೆ ಕವಲು ಲಟಕ್ಕನೆ ಸೀಳುತ್ತದೆ, ಅಷ್ಟು ಪೆಡಸು.

ಬೀಡಿ ಸೇದಿದ, ಹೊಗೆಸೊಪ್ಪು ತಿಕ್ಕಿದ ಕೈಯಲ್ಲಿ ಗಿಡ ಮುಟ್ಟಲೇಬೇಡಿ. ತಂಬಾಕಿನ ಮೊಸಾಯಿಕ್ ವೈರಸ್ ಆ ಕೈಯಿಂದಲೇ ಗಾಯಕ್ಕೆ ಇಳಿಯುತ್ತದೆ. ಸೋಪು ಹಾಕಿ ತೊಳೆದು ಬನ್ನಿ.

ಎಲೆ ಮುದುಡಿದರೆ. ಮೇಲಕ್ಕೆ ದೋಣಿಯಂತೆ ಮಡಚಿದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಬೋರಲು ದೋಣಿಯಂತಾದರೆ ನುಸಿ. ಥ್ರಿಪ್ಸ್‌ಗೆ ಬೇವಿನೆಣ್ಣೆ, ನುಸಿಗೆ ನೀರಿನಲ್ಲಿ ಕದಡುವ ಗಂಧಕದ ಪುಡಿ, ಲೀಟರಿಗೆ 3 ಗ್ರಾಂ, ಬಿಸಿಲಿಳಿದ ಮೇಲೆ. ಎರಡನ್ನೂ ಬೆರೆಸಬೇಡಿ, ಎರಡು ವಾರದ ಅಂತರವಿರಲಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಎಲ್ಲಕ್ಕೂ ಒಂದೇ ಔಷಧಿ ಎಂದು ಅಂಗಡಿಯಲ್ಲಿ ಕೊಟ್ಟರೆ ತೆಗೆದುಕೊಳ್ಳಬೇಡಿ.

ನೀರು. ದಿನಾ ಸ್ವಲ್ಪ ಸ್ವಲ್ಪ. ಮೂರು ದಿನ ಒಣಗಿಸಿ ಒಮ್ಮೆಲೇ ಸುರಿದರೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪದೆ ತುದಿ ಕಪ್ಪಾಗುತ್ತದೆ.

ಕೊಯ್ಲು. ನಾಟಿಯಾಗಿ ಎರಡು ತಿಂಗಳಿಗೆ ಹಸಿರು ಕಾಯಿ ಸಿಗುತ್ತದೆ. ಕೆಂಪು, ಹಳದಿ ಬೇಕಿದ್ದರೆ ಆ ಬಣ್ಣದ ತಳಿ ಹಾಕಿ, ಇನ್ನೂ ಮೂರು ನಾಲ್ಕು ವಾರ ಗಿಡದಲ್ಲೇ ಬಿಡಿ. ಕೈಯಿಂದ ಕೀಳಬೇಡಿ, ಕವಲೇ ಕಿತ್ತು ಬರುತ್ತದೆ. ಕತ್ತರಿಯಿಂದ ತೊಟ್ಟು ಸಮೇತ ಕತ್ತರಿಸಿ.