ಠಾಣೆಯಲ್ಲಿ ‘ಟಾರ್ಗೆಟ್ ಕೇಸು’ ನಡೆಯುತ್ತಿದೆಯೇ? ದಾಖಲೆಯಿಂದಲೇ ತಿಳಿಯುವ ಬಗೆ

‘ತಿಂಗಳ ಕೊನೆ ಬಂತು, ಕೇಸು ಬೇಕಲ್ಲ, ಅದಕ್ಕೇ ಹಿಡಿದರು’ ಎಂಬ ಮಾತು ಮಲೆನಾಡಿನ ಹೋಟೆಲುಗಳಲ್ಲಿ ಕಿವಿಗೆ ಬೀಳುತ್ತಿರುತ್ತದೆ. ನಿಜವೂ ಇರಬಹುದು, ಬರೀ ಸಿಟ್ಟೂ ಇರಬಹುದು. ನಿಮ್ಮ ಠಾಣೆಯ ಮಟ್ಟಿಗೆ ಯಾವುದು ನಿಜ ಎಂದು ತಿಳಿಯಲು ಎರಡು ಅರ್ಜಿ, ಒಂದು ನೋಟ್‌ಬುಕ್ ಮತ್ತು ಒಂದಿಷ್ಟು ತಾಳ್ಮೆ ಸಾಕು.

ಇಂತಿಷ್ಟು ಬಂಧನ, ಇಂತಿಷ್ಟು ಕೇಸು ಎಂದು ಗುರಿ ಇಟ್ಟರೆ ಸಿಬ್ಬಂದಿ ಸುಲಭಕ್ಕೆ ಸಿಗುವವರ ಕಡೆ ತಿರುಗುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಸೇದಿದವರ ಮೇಲೆ ಒಂದೇ ಸಂಜೆ ಹತ್ತು ಕೋಟ್ಪಾ (ತಂಬಾಕು ನಿಯಂತ್ರಣ ಕಾಯ್ದೆ) ಕೇಸು ಹಾಕಬಹುದು. ಅಂಗಳದಲ್ಲಿ ಒಣಹಾಕಿದ ಅಡಿಕೆ ಕಳುವಾದರೆ ವಾರಗಟ್ಟಲೆ ಓಡಾಡಿ, ಮಂಡಿಗಳಲ್ಲಿ ವಿಚಾರಿಸಿ ಪತ್ತೆ ಮಾಡಬೇಕು. ಆದರೂ ಪಟ್ಟಿಯಲ್ಲಿ ಅದು ಒಂದೇ ಕೇಸು. ಬೆಳೆಗಾರ ದೂರು ಹಿಡಿದು ಹೋದಾಗ ‘ನಾಳೆ ಬನ್ನಿ’ ಎಂಬ ಉತ್ತರ ಸಿಕ್ಕರೆ, ಮುಂದಿನ ಸಲ ಅವನು ಠಾಣೆಗೇ ಹೋಗುವುದಿಲ್ಲ, ಕಂಡದ್ದನ್ನು ಬೀಟ್ ಪೊಲೀಸರಿಗೂ ಹೇಳುವುದಿಲ್ಲ. ನಂಬಿಕೆ ಹೋಗುವುದು ಹೀಗೆ. ನ್ಯೂಯಾರ್ಕ್ ರಾಜ್ಯದಲ್ಲಿ 2010ರಲ್ಲಿ ಬಂಧನದ ಕೋಟಾ ವಿರುದ್ಧ ಕಾನೂನು ಬಿಗಿಗೊಳಿಸಿದರು. ಅದೇ ವರ್ಷ ಬ್ರಿಟನ್ ಸರ್ಕಾರ ಪೊಲೀಸರಿಗೆ ಕೇಂದ್ರದಿಂದ ಕೊಡುತ್ತಿದ್ದ ಗುರಿಗಳನ್ನು ಕೈಬಿಟ್ಟಿತು.

ಮೊದಲು ಮಾಹಿತಿ ಹಕ್ಕಿನ ಅರ್ಜಿ. ನಮೂನೆ-ಎ ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಜಿಲ್ಲಾ ಪೊಲೀಸ್ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕಳಿಸಿ. ಅರ್ಜಿ ಬೀಳುವುದು ಹೆಚ್ಚಾಗಿ ಎರಡು ಕಡೆ. ಒಂದು, ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ ಇರಬೇಕು. ಇನ್ನೊಂದು, ‘ಟಾರ್ಗೆಟ್ ಇದೆಯೇ?’ ಎಂದು ಪ್ರಶ್ನೆ ಕೇಳುವುದು. ಅಭಿಪ್ರಾಯ ಹೇಳುವ ಹೊಣೆ ಅಧಿಕಾರಿಗಿಲ್ಲ. ಕಚೇರಿಯಲ್ಲಿರುವ ದಾಖಲೆಯನ್ನೇ ಕೇಳಬೇಕು. ಹೀಗೆ ಬರೆಯಿರಿ: ‘ಇಂಥ ಠಾಣೆಯಲ್ಲಿ ಕಳೆದ 3 ವರ್ಷಗಳಲ್ಲಿ ದಾಖಲಾದ ಲಘು ಪ್ರಕರಣಗಳ ಪಟ್ಟಿ: ದಿನಾಂಕ, ಕಲಂ, ಸ್ಥಳ, ಸ್ವಯಂಪ್ರೇರಿತವೋ ದೂರಿನ ಮೇಲೋ. ಆರೋಪಿಗಳ ಹೆಸರು ಬೇಡ.’ ಈ ಕೊನೆಯ ವಾಕ್ಯ ಬಿಡಬೇಡಿ. ವೈಯಕ್ತಿಕ ಮಾಹಿತಿ ಎಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ಅಡಿ ತಿರಸ್ಕರಿಸುವ ದಾರಿಯನ್ನು ಅದು ಮುಚ್ಚುತ್ತದೆ.

ಎರಡನೇ ಅರ್ಜಿ ಬೇರೆಯೇ ಹಾಕಿ: ಅದೇ ಅವಧಿಯಲ್ಲಿ ಠಾಣೆಗೆ ಬಂದ ದೂರು ಅರ್ಜಿಗಳೆಷ್ಟು, ಎಫ್‌ಐಆರ್ ಆದವೆಷ್ಟು, ಎಫ್‌ಐಆರ್ ಇಲ್ಲದೆ ಹಿಂಬರಹ (ಲಿಖಿತ ಉತ್ತರ) ಕೊಟ್ಟು ಮುಗಿಸಿದವೆಷ್ಟು. ನಮ್ಮ ಪ್ರಕಾರ ಮೊದಲನೆಯದಕ್ಕಿಂತ ಇದೇ ಮುಖ್ಯ.

30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಪೋಸ್ಟಿನ ರಸೀದಿ ಎಸೆಯಬೇಡಿ.

ಪಟ್ಟಿ ಕೈಗೆ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ತಿಂಗಳಿಗೊಂದು ಸಾಲು, ನಾಲ್ಕು ಕಾಲಂ ಹಾಕಿ: 1–7, 8–14, 15–21, 22ರಿಂದ ಕೊನೆಯವರೆಗೆ. ಇಲ್ಲಿ ಬಹಳ ಜನ ಎಡವುತ್ತಾರೆ. ಕೊನೆಯ ಕಾಲಂನಲ್ಲಿ 10 ದಿನವೂ ಇರಬಹುದು, ಹಾಗಾಗಿ ಅಲ್ಲಿ ಸಂಖ್ಯೆ ಹೆಚ್ಚಿರುವುದು ಸಹಜ. 31 ದಿನದ ತಿಂಗಳಲ್ಲಿ 62 ಕೇಸು ಇದ್ದರೆ ಕೊನೆಯ 10 ದಿನಕ್ಕೆ 20 ಬರುವುದು ಸರಿಯಾದ ಪಾಲು. 35 ಬಂದಿದ್ದು, ಅದು ತಿಂಗಳ ಮೇಲೆ ತಿಂಗಳು ಹಾಗೆಯೇ ಇದ್ದರೆ ಆಗ ಪ್ರಶ್ನೆ ಎತ್ತಬಹುದು. ಒಂದೆರಡು ತಿಂಗಳ ಏರಿಕೆಯಿಂದ ಏನನ್ನೂ ಹೇಳಲಾಗದು. ಗಣಪತಿ ಮೆರವಣಿಗೆ, ಚುನಾವಣೆ, ಜಾತ್ರೆಯ ದಿನಗಳಲ್ಲಿ ಮುಂಜಾಗ್ರತಾ ಪ್ರಕರಣ ಹೆಚ್ಚುವುದಕ್ಕೆ ಕಾರಣವಿದೆ. ಆ ತಿಂಗಳುಗಳನ್ನು ಹಿಂದಿನ ವರ್ಷದ ಅದೇ ಹಬ್ಬದ ತಿಂಗಳಿನೊಂದಿಗೆ ಹೋಲಿಸಿ.

ಮುಂದಿನದು ಎಫ್‌ಐಆರ್ ಓದುವುದು. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ರಾಜ್ಯ ಪೊಲೀಸ್ ಜಾಲತಾಣದಲ್ಲಿ ಠಾಣೆವಾರು ಹುಡುಕಿ. ಹತ್ತಾರು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಖಚಿತ ವರ್ತಮಾನ ಬಂದ ಮೇರೆಗೆ ಸಿಬ್ಬಂದಿಯೊಂದಿಗೆ ಸ್ಥಳಕ್ಕೆ ಹೋಗಲಾಗಿ’ ಎಂಬ ಒಕ್ಕಣೆ ಎಲ್ಲದರಲ್ಲೂ ಇರುತ್ತದೆ, ಅದರಲ್ಲಿ ದೋಷವಿಲ್ಲ. ಸ್ಥಳ, ಹೊತ್ತು, ಪಂಚರ (ಮಹಜರಿನ ಸಾಕ್ಷಿಗಳ) ಹೆಸರು ಮತ್ತೆ ಮತ್ತೆ ಅವೇ ಬಂದರೆ ಮಾತ್ರ ಗುರುತು ಹಾಕಿಕೊಳ್ಳಿ.

ಈ ಲೆಕ್ಕ ಹಿಡಿದು ಬೀಟ್ ಕಾನ್‌ಸ್ಟೆಬಲ್ ಜೊತೆ ಜಗಳಕ್ಕೆ ಹೋಗಬೇಡಿ. ಗುರಿ ಇದ್ದರೆ ಅದನ್ನು ಇಟ್ಟವರು ಅವರಲ್ಲ, ಬೈಸಿಕೊಳ್ಳುವವರು ಮಾತ್ರ ಅವರೇ. ಡಿವೈಎಸ್‌ಪಿಯವರನ್ನು ನಾಲ್ಕೈದು ಜನ ಸೇರಿ ಭೇಟಿಯಾಗಿ, ಒಂದೇ ಪುಟದ ಪಟ್ಟಿ ಕೊಟ್ಟು, ಎರಡೇ ಬೇಡಿಕೆ ಇಡಿ: ಮಾಸಿಕ ಪರಿಶೀಲನೆಯಲ್ಲಿ ಲಘು ಪ್ರಕರಣದ ಸಂಖ್ಯೆಯ ಬದಲು ಪತ್ತೆಯಾದ ಕಳವುಗಳನ್ನು ಎಣಿಸಿ, ಪ್ರತಿ ದೂರಿಗೂ ಸ್ವೀಕೃತಿ ಕೊಡಿ. ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧದ ದೂರಿಗೆ ಎಫ್‌ಐಆರ್ ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಾಗಿದೆ. ಠಾಣೆ ನಿರಾಕರಿಸಿದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 173(4)ರಂತೆ ದೂರನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಬಹುದು.

ಈಗಾಗಲೇ ಯಾರ ಮೇಲಾದರೂ ಕೇಸು ಆಗಿದ್ದರೆ ಒಂದು ಎಚ್ಚರಿಕೆ. ‘ಒಪ್ಪಿಕೊಂಡು ದಂಡ ಕಟ್ಟಿಬಿಡು, ಮುಗಿದುಹೋಗುತ್ತೆ’ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರೆ ಅದು ಶಿಕ್ಷೆಯೆಂದೇ ದಾಖಲಾಗುತ್ತದೆ, ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನೆಯಲ್ಲಿ ಎದುರಿಗೆ ಬರಬಹುದು. ಹಾಗೆ ಒಪ್ಪಿಕೊಳ್ಳುವ ಮೊದಲು ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಮನ್ಸ್ ಪ್ರತಿಯೊಂದಿಗೆ ಹೋಗಿ ವಕೀಲರನ್ನು ಕೇಳಿ.