ತಲೆಗೆಷ್ಟು, ಒಟ್ಟಿಗೆಷ್ಟು?

ಮೂರನೆಯ ವಿದೇಶ ಪ್ರವಾಸದ ಹೊತ್ತಿಗೆ ನನ್ನ ಖರ್ಚಿನ ನೋಟ್‌ಬುಕ್‌ನಲ್ಲಿ ಒಂದು ಹೊಸ ಅಂಕಣ ಹುಟ್ಟಿಕೊಂಡಿತು. ಖರ್ಚಿನ ಹೆಸರು, ಮೊತ್ತ, ಅದರ ಪಕ್ಕದಲ್ಲಿ ಒಂದೇ ಒಂದು ಅಕ್ಷರ: ‘ತ’ ಅಥವಾ ‘ಒ’. ತ ಎಂದರೆ ತಲೆಗೆ ಇಷ್ಟು, ಒ ಎಂದರೆ ಒಟ್ಟಿಗೆ ಇಷ್ಟು. ವಿಮಾನದ ಟಿಕೆಟ್ ತ. ವೀಸಾ ತ. ಟ್ಯಾಕ್ಸಿ ಒ, ಅಡುಗೆಮನೆಯಿರುವ ಬಾಡಿಗೆ ಮನೆ ಒ. ಒಬ್ಬನೇ ತಿರುಗುವವನಿಗೆ ಈ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಕಡಿಮೆ ಖರ್ಚಿನಲ್ಲಿ ದೇಶ ಸುತ್ತುವ ಸಲಹೆಗಳನ್ನು ಬರೆಯುವವರು ಹೆಚ್ಚಾಗಿ ಒಬ್ಬಂಟಿ ಪ್ರಯಾಣಿಕರು. ಅವರ ಮಾತು ಕೇಳಿ ಹೆಂಡತಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹೊರಟ ನಾನು ಒಂದು ಇಡೀ ಪ್ರವಾಸದಲ್ಲಿ ಕೈ ಸುಟ್ಟುಕೊಂಡೆ.

ಮೊದಲ ಬಾರಿ ಹೋದದ್ದು ಪ್ಯಾಕೇಜ್ ಪ್ರವಾಸದಲ್ಲಿ. ಹತ್ತು ದಿನ, ಐದು ದೇಶ, ಒಂದು ಬಸ್ಸು, ನಲವತ್ತು ಮಂದಿ. ಮಗನಿಗೆ ಆಗ ನಾಲ್ಕು ವರ್ಷ. ಅವನ ನೆನಪಿನಲ್ಲಿ ಉಳಿದ ಯುರೋಪ್ ಎಂದರೆ ಮುಂದಿನ ಸೀಟಿನ ಬೆನ್ನಿಗೆ ಹೊದಿಸಿದ್ದ ನೀಲಿ ಬಟ್ಟೆ. ಪ್ಯಾಕೇಜ್‌ನಲ್ಲಿ ಎಲ್ಲವೂ ತಲೆ ಲೆಕ್ಕವೇ. ಜಾಹೀರಾತಿನಲ್ಲಿ ಕಾಣುವ ದರ ಇಬ್ಬರು ಒಂದು ಕೋಣೆ ಹಂಚಿಕೊಂಡಾಗ ತಲಾ ಎಷ್ಟು ಎಂಬುದು. ಮಕ್ಕಳಿಗೆ ಹಾಸಿಗೆ ಬೇಕಾದರೆ ಒಂದು ದರ, ಬೇಡವಾದರೆ ಇನ್ನೊಂದು. ಮಾರ್ಗದರ್ಶಿಗೆ ಮತ್ತು ಚಾಲಕನಿಗೆ ಕೊಡುವ ಭಕ್ಷೀಸು, ‘ಐಚ್ಛಿಕ’ ಎಂದು ಬರೆದಿದ್ದರೂ ಎಲ್ಲರೂ ಹೋಗುವ ದೋಣಿವಿಹಾರ ಇವೆಲ್ಲ ಆ ದರದ ಆಚೆಗೆ. ಮನೆಗೆ ಬಂದು ಕೂಡಿಸಿದಾಗ, ಕಟ್ಟಿದ್ದ ಹಣದ ಐದನೇ ಒಂದು ಭಾಗದಷ್ಟು ಮೇಲೆ ಖರ್ಚಾಗಿತ್ತು.

ಆದರೂ ಪ್ಯಾಕೇಜ್ ಅನ್ನು ಬೈಯುವ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಅದೇ ಐದು ದೇಶಗಳನ್ನು ಅದೇ ಹತ್ತು ದಿನಗಳಲ್ಲಿ ನಾವೇ ಸುತ್ತಿದ್ದರೆ ಎಷ್ಟಾಗುತ್ತಿತ್ತು ಎಂದು ಕೂತು ಲೆಕ್ಕ ಹಾಕಿದೆ. ನಮ್ಮ ಲೆಕ್ಕವೇ ಹೆಚ್ಚಾಯಿತು. ದಿನಕ್ಕೊಂದು ಊರು ಬದಲಿಸುವವರಿಗೆ ಗುಂಪಿನ ಬಸ್ಸಿಗಿಂತ ಅಗ್ಗದ ದಾರಿ ಇಲ್ಲ. ಸ್ವಂತವಾಗಿ ಹೋಗುವುದು ಅಗ್ಗವಾಗುವುದು ಪ್ರವಾಸದ ಆಕಾರವನ್ನೇ ಬದಲಿಸಿದಾಗ: ಊರುಗಳು ಕಡಿಮೆ, ದಿನಗಳು ಹೆಚ್ಚು. ಈ ತಿಳಿವಳಿಕೆ ನನಗೆ ಎರಡನೆಯ ಪ್ರವಾಸಕ್ಕೆ ಮುಂಚೆಯೇ ಬಂದಿದ್ದರೆ ಚೆನ್ನಾಗಿರುತ್ತಿತ್ತು.

ಎರಡನೆಯದನ್ನು ಪೂರ್ತಿ ನಾನೇ ಕಟ್ಟಿದೆ. ಪ್ಯಾರಿಸ್ ಮತ್ತು ರೋಮ್. ಟಿಕೆಟ್ ಹುಡುಕುವಾಗ ಕಲಿತ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಕುಟುಂಬದವರಿಗೆ ಮಾತ್ರ ಉಪಯೋಗಕ್ಕೆ ಬರುವ ಸಂಗತಿ ಅದು. ವಿಮಾನದ ಸೀಟುಗಳನ್ನು ಕಂಪನಿಗಳು ದರದ ಮೆಟ್ಟಿಲುಗಳಾಗಿ ಮಾಡಿಟ್ಟಿರುತ್ತವೆ. ಅತಿ ಕಡಿಮೆ ದರದ ಮೆಟ್ಟಿಲಿನಲ್ಲಿ ಎರಡೇ ಸೀಟು ಉಳಿದಿದ್ದು ನೀವು ನಾಲ್ಕು ಸೀಟು ಕೇಳಿದರೆ, ಸಾಮಾನ್ಯವಾಗಿ ನಾಲ್ಕೂ ಸೀಟುಗಳಿಗೆ ಮೇಲಿನ ಮೆಟ್ಟಿಲಿನ ದರವೇ ಬರುತ್ತದೆ. ಹಾಗಾಗಿ ನಾನು ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಕೊನೆಗೆ ನಾಲ್ವರಿಗೆ ಹುಡುಕುತ್ತೇನೆ. ದರ ಎಲ್ಲಿ ಜಿಗಿಯುತ್ತದೋ ಅಲ್ಲಿ ಟಿಕೆಟ್ ಅನ್ನು ಎರಡಾಗಿ ಒಡೆಯುತ್ತೇನೆ, ಒಂದೊಂದರಲ್ಲಿ ಒಬ್ಬ ದೊಡ್ಡವರು, ಒಂದು ಮಗು. ಇದರಲ್ಲಿ ಅಪಾಯವೂ ಇದೆ. ವಿಮಾನ ರದ್ದಾದರೆ ಕಂಪನಿಯ ಕಣ್ಣಿಗೆ ನೀವು ಒಂದು ಕುಟುಂಬವಲ್ಲ, ಎರಡು ಜೋಡಿ ಅಪರಿಚಿತರು. ಉಳಿತಾಯ ಅಲ್ಪವಾಗಿದ್ದರೆ ಒಡೆಯಬೇಡಿ.

ವಯಸ್ಸಿನ ಲೆಕ್ಕವನ್ನೂ ಇಲ್ಲೇ ಕಲಿತೆ. ಎರಡು ವರ್ಷ ತುಂಬದ ಕೂಸಿಗೆ ಮಡಿಲಲ್ಲಿ ಕೂರಿಸಿಕೊಂಡರೆ ಸಾಮಾನ್ಯವಾಗಿ ದೊಡ್ಡವರ ದರದ ಹತ್ತರಲ್ಲೊಂದು ಭಾಗದಷ್ಟು. ಎರಡರಿಂದ ಹನ್ನೊಂದು ವರ್ಷದವರೆಗೆ ಪೂರ್ಣ ಸೇವೆಯ ಹಲವು ವಿಮಾನಗಳಲ್ಲಿ ರಿಯಾಯಿತಿ ಇರುತ್ತದೆ. ಕಡಿಮೆ ದರದ ವಿಮಾನಗಳಲ್ಲಿ ಸಾಮಾನ್ಯವಾಗಿ ಇಲ್ಲ, ಎರಡು ತುಂಬಿತೆಂದರೆ ಪೂರ್ತಿ ಟಿಕೆಟ್. ಕೂಸಿಗೆ ಪ್ರವಾಸದ ನಡುವೆ ಎರಡನೆಯ ಹುಟ್ಟುಹಬ್ಬ ಬಂದರೆ ಹಿಂದಿರುಗುವಾಗ ಬೇರೆ ಸೀಟು ಬೇಕೇ ಬೇಕು.

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಮನೆಯಿಂದ ಪ್ಯಾರಿಸ್‌ಗೆ ಹೋಗಿಬರುವ ಟಿಕೆಟ್ ಕೊಂಡು, ಪ್ಯಾರಿಸ್–ರೋಮ್ ನಡುವೆ ಬೇರೆಯೇ ಒಂದು ಕಡಿಮೆ ದರದ ವಿಮಾನ ಹಿಡಿದೆ. ತಲೆಗೆ ಲೆಕ್ಕ ಹಾಕಿದಾಗ ನಂಬಲಾಗದಷ್ಟು ಅಗ್ಗ. ಆ ವಿಮಾನ ಹೊರಡುವುದು ಬೊವೆ ಎಂಬ ಊರಿನಿಂದ. ಹೆಸರಿಗೆ ಪ್ಯಾರಿಸ್ ವಿಮಾನ ನಿಲ್ದಾಣ, ಇರುವುದು ಪ್ಯಾರಿಸ್‌ನಿಂದ ಸುಮಾರು 80 ಕಿಲೋಮೀಟರ್ ಆಚೆ. ಅಲ್ಲಿಗೆ ಹೋಗುವ ಬಸ್ಸಿಗೆ ನಾಲ್ಕು ಟಿಕೆಟ್, ಬರುವುದಕ್ಕೆ ಮತ್ತೆ ನಾಲ್ಕು. ನಾಲ್ಕು ಚೀಲಗಳಿಗೆ ಬೇರೆ ಹಣ. ಅಗ್ಗದ ವಿಮಾನದ ಅಗ್ಗವೆಲ್ಲ ಬಸ್ಸಿನ ಟಿಕೆಟ್ ಕಿಟಕಿಯಲ್ಲಿ ಮತ್ತು ಚೀಲದ ತಕ್ಕಡಿಯ ಮೇಲೆ ಕರಗಿಹೋಯಿತು. (ಈಗ ನಾವು ನಾಲ್ವರಿಗೂ ಸೇರಿ ಒಂದೇ ದೊಡ್ಡ ಪೆಟ್ಟಿಗೆಗೆ ಹಣ ಕಟ್ಟುತ್ತೇವೆ; ಉಳಿದದ್ದು ಬೆನ್ನಚೀಲದಲ್ಲಿ. ಯಾರ ಬಟ್ಟೆ ಯಾವುದು ಎಂಬ ಜಗಳ ಪುಕ್ಕಟೆ.)

ಹಿಂದಿರುಗುವ ದಿನ ರೋಮ್‌ನಿಂದ ಬೆಳಿಗ್ಗೆ ಹೊರಡಬೇಕಿದ್ದ ವಿಮಾನ ಯಂತ್ರದೋಷದಿಂದ ಐದು ಗಂಟೆ ತಡವಾಯಿತು. ಅದೇ ಸಂಜೆ ಪ್ಯಾರಿಸ್‌ನ ಇನ್ನೊಂದು ನಿಲ್ದಾಣದಿಂದ, ಚಾರ್ಲ್ಸ್ ಡಿ ಗಾಲ್‌ನಿಂದ, ಮನೆಗೆ ಹೋಗುವ ವಿಮಾನ. ನಾವು ಬಸ್ಸಿನಲ್ಲಿದ್ದಾಗಲೇ ಅದು ಹೊರಟುಹೋಯಿತು. ಎರಡೂ ಒಂದೇ ಟಿಕೆಟ್ಟಿನಲ್ಲಿದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಕೊಂಡ ನನಗೆ ಹೊಣೆಗಾರನೆಂದು ಕನ್ನಡಿಯಲ್ಲಿ ಒಬ್ಬ ಮಾತ್ರ ಕಾಣಿಸಿದ. ಮರುದಿನದ ನಾಲ್ಕು ಹೊಸ ಟಿಕೆಟ್‌ಗಳ ದರ ನೋಡಿ ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಒಂದು ಸಮಾಧಾನ ಸಿಕ್ಕಿತು. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮದಡಿ, ಒಕ್ಕೂಟದ ದೇಶದಿಂದ ಹೊರಟ ವಿಮಾನ ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದರೆ, ಅಸಾಧಾರಣ ಕಾರಣವಿಲ್ಲದಿದ್ದಲ್ಲಿ, 1,500 ಕಿಲೋಮೀಟರ್ ಒಳಗಿನ ಹಾರಾಟಕ್ಕೆ ತಲಾ 250 ಯೂರೊ ಪರಿಹಾರವಿದೆ. ದೂರ ಹೆಚ್ಚಿದಂತೆ ಅದು 400, 600ಕ್ಕೆ ಏರುತ್ತದೆ. ಸಾಮಾನ್ಯ ಯಂತ್ರದೋಷ ಅಸಾಧಾರಣ ಕಾರಣವಲ್ಲ ಎಂದು ಯುರೋಪಿನ ನ್ಯಾಯಾಲಯವೇ ಹೇಳಿದೆ. ಟಿಕೆಟ್ ಕೊಂಡ ಮಕ್ಕಳಿಗೂ ದೊಡ್ಡವರಷ್ಟೇ ಹಣ. ಪತ್ರದ ಮೇಲೆ ಪತ್ರ ಬರೆದು, ತಿಂಗಳುಗಳ ನಂತರ 1,000 ಯೂರೊ ಬಂತು. ತಲೆ ಲೆಕ್ಕ ನಮ್ಮ ಕಡೆಗೆ ತಿರುಗಿದ್ದು ಅದೊಂದೇ ಸಲ. ಕಳೆದುಕೊಂಡದ್ದರ ಅರ್ಧವೂ ಅದರಲ್ಲಿ ಬರಲಿಲ್ಲ ಎಂಬುದು ಬೇರೆ ಮಾತು.

ಆ ಪ್ರವಾಸವನ್ನು ಈಗ ಕಟ್ಟಿದರೆ, ಪ್ಯಾರಿಸ್‌ನಲ್ಲಿ ಇಳಿದು ರೋಮ್‌ನಿಂದ ಮನೆಗೆ ಹೊರಡುವ ಒಂದೇ ಟಿಕೆಟ್ ಕೊಳ್ಳುತ್ತೇನೆ. ಹುಡುಕುವ ಪುಟದಲ್ಲಿ ‘ಮಲ್ಟಿ ಸಿಟಿ’ ಎಂಬ ಗುಂಡಿ ಇರುವುದೇ ಇದಕ್ಕೆ. ದರ ಹೆಚ್ಚೂ ಕಡಿಮೆ ಹೋಗಿಬರುವ ಟಿಕೆಟ್ಟಿನಷ್ಟೇ ಇರುವುದು ಸಾಮಾನ್ಯ. ಹಿಂದಕ್ಕೆ ಬರುವ ದಾರಿಯ ನಾಲ್ಕು ಟಿಕೆಟ್, ನಾಲ್ಕು ಚೀಲ, ಒಂದು ದಿನ ಎಲ್ಲವೂ ಉಳಿಯುತ್ತವೆ. ಬೇರೆ ಬೇರೆ ಟಿಕೆಟ್ ಕೊಳ್ಳಲೇಬೇಕಾದರೆ ನಡುವೆ ಒಂದು ರಾತ್ರಿ ಇರಲಿ. ಜೊತೆಗೆ, ನಡುವಿನ ದೇಶದಲ್ಲಿ ಪೆಟ್ಟಿಗೆ ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾದರೆ ಆ ದೇಶದೊಳಕ್ಕೆ ಕಾಲಿಡಬೇಕಾಗುತ್ತದೆ. ಅದಕ್ಕೆ ವೀಸಾ ಬೇಕೇ ಎಂದು ಮೊದಲೇ ನೋಡಿಕೊಳ್ಳಿ.

ಮೂರನೆಯದು ರೈಲಿನ ಪ್ರವಾಸ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್. ‘ತ’ ಮತ್ತು ‘ಒ’ ಹುಟ್ಟಿದ್ದು ಆಗಲೇ. ಯುರೋಪಿನ ರೈಲುಗಳಿಗೆ ಒಂದೇ ಪಾಸ್ ಸಿಗುತ್ತದೆ: ಯುರೋಪಿನಲ್ಲಿ ನೆಲೆಸಿದವರಿಗೆ ಇಂಟರ್‌ರೈಲ್, ಹೊರಗಿನವರಿಗೆ ಯುರೈಲ್. ಇದನ್ನು ದುಬಾರಿ ಎಂದು ಒಬ್ಬಂಟಿಗರು ಬಿಟ್ಟುಬಿಡುತ್ತಾರೆ, ಮತ್ತು ಅವರ ಮಟ್ಟಿಗೆ ಅದು ಎಷ್ಟೋ ಸಲ ನಿಜ. ಮುಂಚಿತವಾಗಿ ಕೊಂಡ ಬಿಡಿ ಟಿಕೆಟ್‌ಗಳೇ ಅಗ್ಗವಾಗುತ್ತವೆ. ಆದರೆ 4ರಿಂದ 11 ವರ್ಷದ ಮಕ್ಕಳಿಗೆ, ಒಬ್ಬ ದೊಡ್ಡವರ ಜೊತೆ ಇಬ್ಬರಂತೆ, ಪಾಸ್ ಉಚಿತ. ನಾಲ್ವರ ಪ್ರಯಾಣಕ್ಕೆ ನಾವು ಕೊಟ್ಟದ್ದು ಇಬ್ಬರ ಹಣ. ಮಗಳಿಗೆ ಹನ್ನೆರಡು ತುಂಬಲು ಎರಡು ವಾರ ಬಾಕಿಯಿತ್ತು. ರಜೆಯ ದಿನಾಂಕವನ್ನು ನಿರ್ಧರಿಸಿದ್ದು ಹವಾಮಾನವಲ್ಲ, ಅವಳ ಹುಟ್ಟುಹಬ್ಬ.

ಪಾಸ್‌ನಲ್ಲಿ ಎಲ್ಲಾ ದಿನಗಳಿಗೂ ಹಣ ಕೊಡಬೇಕಿಲ್ಲ. ಒಂದು ತಿಂಗಳಿನೊಳಗೆ ಬೇಕಾದ ನಾಲ್ಕು ದಿನ ರೈಲು ಹತ್ತುವ ಪಾಸ್ ನಮಗೆ ಸಾಕಾಯಿತು. ಉಳಿದ ದಿನ ಊರಲ್ಲೇ ನಡೆದಾಟ. ಸೀಟು ಕಾಯ್ದಿರಿಸುವ ಶುಲ್ಕ ಪಾಸ್‌ನಲ್ಲಿ ಸೇರಿರುವುದಿಲ್ಲ, ಅದು ಮಕ್ಕಳಿಗೂ ಉಂಟು. ಫ್ರಾನ್ಸ್ ಮತ್ತು ಇಟಲಿಯ ವೇಗದ ರೈಲುಗಳಲ್ಲಿ ಕಾಯ್ದಿರಿಸುವುದು ಕಡ್ಡಾಯ. ಆಸ್ಟ್ರಿಯಾದೊಳಗೆ ಬಹುತೇಕ ರೈಲುಗಳಿಗೆ ಅದು ಬೇಕಿಲ್ಲ. ನಾವು ಆ ದೇಶವನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ. ಆ ನೆಲದ ಸಂಗೀತಗಾರ ಮೊತ್ಸಾರ್ಟ್ ಆಮೇಲೆ ನೆನಪಾದ.

ವಿಯೆನ್ನಾದಿಂದ ಜೂರಿಕ್‌ಗೆ ನೈಟ್‌ಜೆಟ್ ಎಂಬ ರಾತ್ರಿ ರೈಲು ಹಿಡಿದೆವು. ನಾಲ್ಕು ಬರ್ತ್‌ಗಳ ಕೋಣೆಯ ಬಾಗಿಲು ಹಾಕಿಕೊಂಡರೆ ಅದು ನಮ್ಮದೇ ಮನೆ. ಒಂದು ರಾತ್ರಿಯ ವಸತಿ ಉಳಿಯಿತು. ರಾತ್ರಿ ರೈಲಿಗೆ ಹೊರಟ ದಿನವೊಂದೇ ಪಾಸ್‌ನ ಲೆಕ್ಕಕ್ಕೆ ಹೋಗುತ್ತದೆ, ನಡುರಾತ್ರಿ ದಾಟಿದ ಮೇಲೆ ಬೇರೆ ರೈಲು ಹತ್ತದಿದ್ದರೆ. ಮಕ್ಕಳು ಕಲ್ಲಿನಂತೆ ಮಲಗಿದರು. ನಾನು ಮೇಲಿನ ಬರ್ತ್‌ನಲ್ಲಿ ಆರ್ಲ್‌ಬರ್ಗ್ ಬೆಟ್ಟದ ಸುರಂಗವನ್ನು ಕಿವಿಯಲ್ಲೇ ನೋಡಿದೆ.

ತಂಗಿದ್ದು ಯೂತ್ ಹಾಸ್ಟೆಲ್‌ಗಳಲ್ಲಿ. ಹೆಸರು ಕೇಳಿ ಹೆಂಡತಿ ಮುಖ ಕಿರಿದು ಮಾಡಿದ್ದಳು. ಆದರೆ ಹಾಸ್ಟೆಲ್ ಹುಟ್ಟಿದ್ದೇ ಮಕ್ಕಳಿಗಾಗಿ: 1909ರಲ್ಲಿ ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್ಮಾನ್ ವಿದ್ಯಾರ್ಥಿಗಳೊಂದಿಗೆ ನಡೆದು ಹೋಗುವಾಗ ಗುಡುಗು ಮಳೆಗೆ ಸಿಕ್ಕಿ, ಒಂದು ಶಾಲೆಯ ಕಟ್ಟಡದಲ್ಲಿ ಹುಲ್ಲಿನ ಮೇಲೆ ರಾತ್ರಿ ಕಳೆದಾಗ ಅವನಿಗೆ ಹೊಳೆದ ಯೋಚನೆ ಅದು. ಈಗ ಅನೇಕ ಹಾಸ್ಟೆಲ್‌ಗಳಲ್ಲಿ ನಾಲ್ಕು ಹಾಸಿಗೆಯ ಕುಟುಂಬ ಕೋಣೆ, ಕೆಲವೆಡೆ ಎಲ್ಲರೂ ಬಳಸುವ ಅಡುಗೆಮನೆಯೂ ಇರುತ್ತವೆ. ಬಾಡಿಗೆ ಮನೆಯನ್ನೂ ಒಂದು ವಾರ ಪಡೆದೆವು. ಅಲ್ಲಿ ಸ್ವಚ್ಛತೆಯ ಶುಲ್ಕ ಒಂದು ರಾತ್ರಿಗೂ ಅಷ್ಟೇ, ಏಳು ರಾತ್ರಿಗೂ ಅಷ್ಟೇ. ಎರಡು ರಾತ್ರಿ ಉಳಿಯುವವರಿಗೆ ಅದು ಹೊರೆ. ಎರಡು ರಾತ್ರಿಗೆ ಹಾಸ್ಟೆಲ್, ವಾರಕ್ಕೆ ಮನೆ ಎಂದು ನೋಟ್‌ಬುಕ್‌ನಲ್ಲಿ ದಪ್ಪಗೆ ಬರೆದಿಟ್ಟೆ.

ಉಚಿತವಾಗಿ ಸಿಗುವುದನ್ನೂ ಹುಡುಕಿದೆವು. ಆಸ್ಟ್ರಿಯಾದ ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿ 19 ವರ್ಷದೊಳಗಿನವರಿಗೆ ಪ್ರವೇಶ ಶುಲ್ಕವಿಲ್ಲ. ಪ್ಯಾರಿಸ್‌ನ ಲೂವ್ರ್‌ನಲ್ಲಿ 18ರೊಳಗಿನವರಿಗೆ ಇಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಟ್ರಾವೆಲ್ ಪಾಸ್ (ಆ ದೇಶದೊಳಗಿನ ಓಡಾಟಕ್ಕೆಂದೇ ಇರುವ ಪಾಸ್) ಕೊಂಡ ತಂದೆತಾಯಿಯ ಜೊತೆ 6ರಿಂದ 15 ವರ್ಷದ ಮಕ್ಕಳು ಉಚಿತವಾಗಿ ಓಡಾಡಬಹುದು, ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಬೇಕು ಅಷ್ಟೇ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ತಪ್ಪಿಸಿಕೊಳ್ಳಲಾಗದ ತಲೆ ಲೆಕ್ಕವೆಂದರೆ ಕಾಗದಪತ್ರ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಿಗುವ ಶೆಂಗೆನ್ ವೀಸಾ ಬೇಕಾದವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ. 6 ವರ್ಷ ತುಂಬಿ 12 ತುಂಬದವರಿಗೆ 45, ಇನ್ನೂ ಚಿಕ್ಕವರಿಗೆ ಇಲ್ಲ. ಅದರ ಜೊತೆ ಕನಿಷ್ಠ 30,000 ಯೂರೊ ರಕ್ಷಣೆಯ ವೈದ್ಯಕೀಯ ವಿಮೆ. ಅಂಗಡಿಯ ಕಾರ್ಡ್ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕೊಡುವಿರಾ’ ಎಂದು ಕೇಳಿದರೆ ಬೇಡವೆನ್ನಿ. ಸ್ಥಳೀಯ ಹಣದಲ್ಲೇ ಕೊಡಿ. ಆ ಸೌಜನ್ಯದ ಬೆಲೆ ವಿನಿಮಯ ದರದೊಳಗೆ ಅಡಗಿರುತ್ತದೆ.

ನಾಲ್ಕನೆಯ ಬಾರಿ ಅಮ್ಮನೂ ಬಂದರು, ನಾವು ಐವರಾದೆವು, ಕಾರು ಬಾಡಿಗೆಗೆ ಹಿಡಿದೆವು. ಕಾರು ಒಟ್ಟು ಲೆಕ್ಕದ ರಾಜ: ಐವರಿದ್ದರೆ ತಲೆಗೆ ಬೀಳುವುದು ಎಲ್ಲಕ್ಕಿಂತ ಕಡಿಮೆ. ಆದರೆ ಐವರ ಪೆಟ್ಟಿಗೆಗಳಿಗೆ ಸಾಮಾನ್ಯ ಕಾರು ಸಾಲದು, ಮಗುವಿನ ಸೀಟಿಗೆ ದಿನದ ಬಾಡಿಗೆ ಬೇರೆ, ಒಂದು ದೇಶದಲ್ಲಿ ಪಡೆದು ಇನ್ನೊಂದರಲ್ಲಿ ಬಿಟ್ಟರೆ ದೊಡ್ಡ ಮೊತ್ತ. ಸ್ವಿಟ್ಜರ್ಲೆಂಡ್‌ನ ಹೆದ್ದಾರಿಗೆ ವರ್ಷದ ಚೀಟಿ ಮಾತ್ರ, 40 ಫ್ರಾಂಕ್. ಒಂದು ಮಧ್ಯಾಹ್ನ ದಾಟಿಹೋದರೂ ಅಷ್ಟೇ. ಅಲ್ಲದೆ ನಗರಗಳಲ್ಲಿ ಕಾರು ನಿಲ್ಲಿಸುವುದೇ ಒಂದು ಕೆಲಸ. ಹಳ್ಳಿಗಾಡಿಗೆ ಕಾರು, ನಗರಗಳಿಗೆ ರೈಲು ಎಂದು ನಾನು ಭಾಗ ಮಾಡಿಕೊಂಡಿದ್ದೇನೆ.

ಮಗಳಿಗೆ ಈಗ ಹದಿಮೂರು. ರೈಲಿನ ಪಾಸ್‌ನಲ್ಲಿ ಅವಳು ಯುವಜನರ ಸಾಲಿಗೆ, ವಿಮಾನದಲ್ಲಿ ದೊಡ್ಡವರ ಸಾಲಿಗೆ ಸೇರಿದ್ದಾಳೆ; ನನ್ನ ಹಳೆಯ ಪುಟಗಳ ಲೆಕ್ಕ ಇನ್ನು ನಡೆಯದು. ಮುಂದಿನ ರಜೆಗೆ ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ರಾತ್ರಿಯಿಡೀ ಸಾಗುವ ಹಡಗನ್ನು ನೋಡುತ್ತಿದ್ದೇನೆ. ನಾಲ್ಕು ಬರ್ತ್‌ಗಳ ಕ್ಯಾಬಿನ್‌ಗೆ ಒಂದೇ ದರ, ಸಾರಿಗೆಯೂ ಅದೇ, ವಸತಿಯೂ ಅದೇ. ಸಂತೋಷದಿಂದ ‘ಒ’ ಎಂದು ಬರೆದುಕೊಂಡಿದ್ದೆ. ಈ ಸಲವೂ ಬರುತ್ತೇನೆ ಎಂದು ಅಮ್ಮ ನಿನ್ನೆ ಹೇಳಿದರು. ಆ ಅಕ್ಷರದ ಪಕ್ಕದಲ್ಲಿ ಈಗ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.