ಬಂಡೆಗೂ ನದಿಗೂ ನಡುವೆ: ದಿನಾಂ ಪಟ್ಟಣವನ್ನು ನಾನು ಅರಿತ ಬಗೆ

ಬೆಲ್ಜಿಯಂನ ಫ್ರೆಂಚ್ ಭಾಷಿಕ ವಲೋನಿಯಾದಲ್ಲಿ, ಮ್ಯೂಸ್ ನದಿಯ ದಡದಲ್ಲಿ ದಿನಾಂ ಎಂಬ ಸಣ್ಣ ಪಟ್ಟಣವಿದೆ. ನಾಮೂರ್ ನಗರದಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಈ ದೇಶದಲ್ಲಿ ನೆಲೆಸಿರುವ ನಾನು ಊರಿನಿಂದ ಬರುವ ಬಂಧುಗಳನ್ನೂ ಇಲ್ಲಿನ ಕನ್ನಡ ಗೆಳೆಯರನ್ನೂ ಅಲ್ಲಿಗೆ ಕರೆದೊಯ್ಯುತ್ತಿರುತ್ತೇನೆ. ಬಹುತೇಕರು ಸೇತುವೆಯ ಮೇಲೆ ನಿಂತು, ಚರ್ಚಿನ ಮತ್ತು ಅದರ ನೆತ್ತಿಯ ಮೇಲಿನ ಕೋಟೆಯ ಫೋಟೊ ತೆಗೆದು, ಕಾಫಿ ಕುಡಿದು ಹಿಂದಿರುಗುತ್ತಾರೆ. ಇಷ್ಟೊಂದು ಕಂಡುಂಡ ಊರನ್ನು ಹಾಗೆ ನೋಡಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಅದನ್ನು ಕ್ರಮವಾಗಿ ಕಲಿಯಲು ಕುಳಿತೆ.

ಇಸವಿಗಳನ್ನು ಮೊದಲು ಬದಿಗಿಟ್ಟೆ. ವಲೋನಿಯಾ ಸರ್ಕಾರದ ಭೂನಕ್ಷೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಅದರಲ್ಲಿ ಇಂದಿನ ನಕ್ಷೆಯ ಮೇಲೆ 1770ರ ದಶಕದ ಫೆರಾರಿಸ್ ನಕ್ಷೆಯನ್ನು ಹರಡಿ ನೋಡಬಹುದು. ಎರಡನ್ನೂ ಒಂದರ ಮೇಲೊಂದಿಟ್ಟಾಗ ಕಣ್ಣಿಗೆ ಹೊಡೆದದ್ದು ಊರಿನ ಆಕಾರ. ಪೂರ್ವಕ್ಕೆ ಸುಮಾರು ನೂರು ಮೀಟರ್ ಎತ್ತರದ ಸುಣ್ಣಕಲ್ಲಿನ ಗೋಡೆ, ಪಶ್ಚಿಮಕ್ಕೆ ಉತ್ತರಾಭಿಮುಖವಾಗಿ ಹರಿಯುವ ನದಿ. ನಡುವೆ ಉಳಿದ ಪಟ್ಟಿಯಷ್ಟು ನೆಲದಲ್ಲಿ ಊರು. ಅಡ್ಡಕ್ಕೆ ಬೆಳೆಯಲು ಜಾಗವಿಲ್ಲದೆ ಅದು ದಡದುದ್ದಕ್ಕೂ ಚಾಚಿಕೊಂಡಿದೆ. ಕೆಲವು ಕಡೆ ಊರೆಂದರೆ ಒಂದು ಬೀದಿ, ಅದರ ಎರಡು ಬದಿಯ ಮನೆಸಾಲು, ಅಷ್ಟೇ. ದಿನಾಂ ಚರಿತ್ರೆಯ ಬೀಗದ ಕೈ ಈ ಇಕ್ಕಟ್ಟಿನಲ್ಲೇ ಇದೆ ಎಂಬ ತೀರ್ಮಾನಕ್ಕೆ ಬಂದದ್ದು ಆಗಲೇ. ಆಮೇಲೆ ಓದಿದ್ದೆಲ್ಲ ಅದನ್ನು ಗಟ್ಟಿಮಾಡುತ್ತಲೇ ಹೋಯಿತು.

ಈ ಬಂಡೆ ಸುಮಾರು 35 ಕೋಟಿ ವರ್ಷಗಳ ಹಿಂದಿನ ಸಮುದ್ರತಳದ್ದು. ಪಶ್ಚಿಮ ಯುರೋಪಿನ ಭೂವಿಜ್ಞಾನಿಗಳು ಆ ಕಾಲಘಟ್ಟವನ್ನು ಈ ಊರಿನ ಹೆಸರಿನಿಂದಲೇ ಕರೆಯುತ್ತಾ ಬಂದಿದ್ದಾರೆ. ಆರ್ಡೆನ್ ಬೆಟ್ಟಸಾಲು ನಿಧಾನವಾಗಿ ಮೇಲೇಳುತ್ತಿದ್ದಂತೆ ಮ್ಯೂಸ್ ಅದನ್ನು ಕೊರೆಯುತ್ತಲೇ ಹೋಗಿ ಈ ಕಣಿವೆ ಮಾಡಿತು. ಬಂಡೆಯ ಬುಡದಲ್ಲಿ ಬದುಕುವುದಕ್ಕೆ ಬೆಲೆಯೂ ಇತ್ತು: 1227ರಲ್ಲಿ ಕಲ್ಲು ಕುಸಿದು ಹಳೆಯ ಚರ್ಚು ನೆಲಸಮವಾಯಿತು. ಜನ ಅದೇ ಜಾಗದಲ್ಲಿ ಗಾಥಿಕ್ ಶೈಲಿಯಲ್ಲಿ ಮತ್ತೆ ಕಟ್ಟಿದರು. ಬೇರೆ ಜಾಗವಾದರೂ ಎಲ್ಲಿತ್ತು?

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಹಿತ್ತಾಳೆ ಕೆಲಸದವರ ಬೆನ್ನು ಹತ್ತಿ. ಮಧ್ಯಯುಗದಲ್ಲಿ ದಿನಾಂನ ಪಾತ್ರೆ, ಕೊಳಗ, ದೀಪಸ್ತಂಭಗಳಿಗೆ ಯುರೋಪಿನಾದ್ಯಂತ ಹೆಸರಿತ್ತು. ಆಗ ಸತುವನ್ನು ಲೋಹವಾಗಿ ಬೇರ್ಪಡಿಸುವುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಮ್ಯೂಸ್ ಸೀಮೆಯಲ್ಲಿ ಸಿಗುವ ಕ್ಯಾಲಮೈನ್ ಎಂಬ ಸತುವಿನ ಅದಿರನ್ನು ಪುಡಿಮಾಡಿ, ಇದ್ದಿಲ ಪುಡಿ ಬೆರೆಸಿ, ತಾಮ್ರದ ಚೂರುಗಳೊಂದಿಗೆ ಮೂಸೆಯಲ್ಲಿಟ್ಟು ಕಾಯಿಸುತ್ತಿದ್ದರು. ಸತು ಆವಿಯಾಗಿ ತಾಮ್ರದೊಳಗೆ ಇಳಿಯುತ್ತಿತ್ತು. ಕೆಂಪು ಲೋಹ ಹಳದಿಯಾಗಿ ಹೊರಬರುತ್ತಿತ್ತು. ಸುತ್ತಿಗೆಯಿಂದ ಬಡಿಬಡಿದು ಅದನ್ನು ಪಾತ್ರೆ ಮಾಡುತ್ತಿದ್ದರು. ತಾಮ್ರ ಮಾತ್ರ ಜರ್ಮನಿಯ ಗೊಸ್ಲಾರ್ ಕಡೆಯಿಂದ ಬರಬೇಕಿತ್ತು. ಉಳುಮೆಗೆ ನೆಲವಿಲ್ಲದ ಊರು ಕಸುಬನ್ನೂ ನದಿಯನ್ನೂ ನಂಬಿ ಬೆಳೆಯಿತು. ಲಂಡನ್ನಿನಲ್ಲಿ ಜರ್ಮನ್ ಹಾನ್ಸಾ ವರ್ತಕಕೂಟಕ್ಕಿದ್ದ ಸವಲತ್ತು ದಿನಾಂ ವರ್ತಕರಿಗೂ ದಕ್ಕಿತ್ತು.

ಇದನ್ನು ಅರಿತವರಿಗಷ್ಟೇ 1466ರ ನೋವು ತಿಳಿಯುತ್ತದೆ. ಎದುರು ದಡದಲ್ಲಿ, ಸ್ವಲ್ಪ ಕೆಳಗೆ ಬುವೀನ್ ಎಂಬ ಊರಿದೆ. ಅವರದೂ ಅದೇ ಕಸುಬು. ದಿನಾಂ ಲಿಯೇಜ್‌ನ ಬಿಷಪ್ ದೊರೆಯ ಕೈಕೆಳಗಿತ್ತು. ಬುವೀನ್ ನಾಮೂರಿನದು, ನಾಮೂರು 15ನೇ ಶತಮಾನದಲ್ಲಿ ಬರ್ಗಂಡಿಯ ಡ್ಯೂಕನ ಪಾಲಾಗಿತ್ತು. ನೆರೆಹೊರೆಯ ಹಗೆ ಹೀಗೆ ರಾಜ್ಯಗಳ ಹಗೆಯಾಯಿತು. ದಿನಾಂನ ಕೆಲವರು ಬುವೀನ್ ಗೋಡೆಯೆದುರು ಡ್ಯೂಕನ ಮಗ ಚಾರ್ಲ್ಸ್‌ನ ಪ್ರತಿಕೃತಿಯನ್ನು ನೇಣಿಗೇರಿಸಿ ಅವಮಾನಿಸಿದರು. ಬರ್ಗಂಡಿಯ ಸೇನೆ ಬಂದು ಊರನ್ನು ಸೂರೆಮಾಡಿ ಸುಟ್ಟಿತು. ಸುಮಾರು ಎಂಟುನೂರು ಜನರನ್ನು ಬೆನ್ನಿಗೆ ಬೆನ್ನು ಕಟ್ಟಿ ಮ್ಯೂಸ್‌ಗೆ ಎಸೆದರೆಂದು ಹೇಳುತ್ತಾರೆ. ಬದುಕುಳಿದ ಕುಶಲಿಗಳು ಬೇರೆ ಬೇರೆ ಊರುಗಳಿಗೆ ಚದುರಿದರು. ಕಸುಬು ಆಮೇಲೆ ಅಲ್ಪಸ್ವಲ್ಪ ಚೇತರಿಸಿಕೊಂಡಿತು, ಹಳೆಯ ಕಳೆ ಮರಳಲಿಲ್ಲ.

ಇಲ್ಲಿಂದ ಸ್ಯಾಕ್ಸೊಫೋನ್ ವಾದ್ಯದ ಜನಕ ಅಡಾಲ್ಫ್ ಸ್ಯಾಕ್ಸ್‌ಗೆ ನೇರ ಗೆರೆ ಎಳೆಯುವವರಿದ್ದಾರೆ: ಹಿತ್ತಾಳೆಯ ಊರು, ಹಿತ್ತಾಳೆಯ ವಾದ್ಯ. ನಾನು ಎಳೆಯುವುದಿಲ್ಲ. ಸ್ಯಾಕ್ಸ್ 1814ರಲ್ಲಿ ಇಲ್ಲಿ ಹುಟ್ಟಿದ್ದು ನಿಜ. ಆದರೆ ಅವನು ಎಳೆಗೂಸಾಗಿದ್ದಾಗಲೇ ಕುಟುಂಬ ಬ್ರಸೆಲ್ಸ್‌ಗೆ ಹೋಯಿತು. ಸ್ಯಾಕ್ಸೊಫೋನ್‌ಗೆ ಅವನು ಪೇಟೆಂಟ್ ಪಡೆದದ್ದು 1846ರಲ್ಲಿ, ಪ್ಯಾರಿಸ್‌ನಲ್ಲಿ. ನಮ್ಮವರೊಂದಿಗೆ ಅವನ ಹೆಸರಿನ ಬೀದಿಯಲ್ಲಿ ನಿಂತಾಗ ನಾನು ಹೇಳುವುದು ಬೇರೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದ ಬಂಟ್ವಾಳ ಸೀಮೆಯ ಹುಡುಗ, ನಾಗಸ್ವರದ ಮನೆತನದವನು, ಮುಂದೆ ಕದ್ರಿ ಗೋಪಾಲನಾಥ್ ಆಗಿ ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿದ ಕಥೆ. ಕರಾವಳಿಯ ಮದುವೆಮನೆಗಳಲ್ಲಿ ಇಂದಿಗೂ ಕೇಳಿಬರುವ ಸ್ಯಾಕ್ಸೊಫೋನಿನ ಹುಟ್ಟಿಗೂ ಈ ನದಿದಂಡೆಗೂ ಇರುವ ನಂಟು ನನಗೆ ಬಹಳ ಪ್ರಿಯವಾದದ್ದು.

ಸೇತುವೆ ಇರುವ ಊರಿಗೆ ಯುದ್ಧ ತಪ್ಪುವುದಿಲ್ಲ. 1914ರ ಆಗಸ್ಟ್ 15ರಂದು ಇಲ್ಲಿನ ಸೇತುವೆಯ ಬಳಿ ಕಾಲಿಗೆ ಗುಂಡು ತಗಲಿದ ಫ್ರೆಂಚ್ ಲೆಫ್ಟಿನೆಂಟ್, ಮುಂದೆ ಫ್ರಾನ್ಸಿನ ಅಧ್ಯಕ್ಷರಾದ ಚಾರ್ಲ್ಸ್ ಡಿ ಗಾಲ್. ಇಂದಿನ ಸೇತುವೆಗೆ ಅವರದೇ ಹೆಸರು. ಎಂಟು ದಿನಗಳ ನಂತರ, ಆಗಸ್ಟ್ 23ರಂದು, ಜರ್ಮನ್ ಸೇನೆಯ ಸ್ಯಾಕ್ಸನ್ ತುಕಡಿಗಳು ಊರಿನ ಜನರನ್ನು ಗೋಡೆಗಳ ಮುಂದೆ ಸಾಲಾಗಿ ನಿಲ್ಲಿಸಿ ಕೊಂದವು. ಸತ್ತವರು 674. ಅವರಲ್ಲಿ ಮೂರು ವಾರದ ಹಸುಳೆಯೂ ಇತ್ತು. ಎದುರು ದಡದಿಂದ ಫ್ರೆಂಚರು ಹಾರಿಸುತ್ತಿದ್ದ ಗುಂಡುಗಳನ್ನು ಮನೆಗಳೊಳಗಿನ ನಾಗರಿಕರು ಹಾರಿಸಿದ್ದೆಂದು ಸೈನಿಕರು ನಂಬಿದ್ದರು. ಇಷ್ಟು ಕಿರಿದಾದ ಕಣಿವೆಯಲ್ಲಿ, ಬಂಡೆಗೆ ಬಡಿದು ಮರುದನಿಸುವ ಸದ್ದಿನಲ್ಲಿ, ಗುಂಡು ಎತ್ತಲಿಂದ ಬಂತೆಂದು ತಿಳಿಯುವುದೇ ಕಷ್ಟ. ಕೊಂದವರಿಗೆ ಇದು ಸಮರ್ಥನೆಯಲ್ಲ. ಜರ್ಮನಿ ಅಧಿಕೃತವಾಗಿ ಕ್ಷಮೆ ಕೇಳಿದ್ದು 2001ರಲ್ಲಿ. ಮಕ್ಕಳನ್ನು ಕರೆದೊಯ್ದಾಗಲೂ ನಾನು ಈ ಭಾಗವನ್ನು ಬಿಡುವುದಿಲ್ಲ.

1940ರ ಮೇ ತಿಂಗಳಲ್ಲಿ ಸೇತುವೆಯನ್ನು ಸಿಡಿಸಿದರೂ ಜರ್ಮನ್ ಸೇನಾನಿ ರೋಮೆಲ್‌ನ ಸೈನಿಕರು ಉತ್ತರಕ್ಕೆ ಕೆಲವು ಕಿಲೋಮೀಟರ್ ದೂರದ ಊ ಎಂಬ ಹಳ್ಳಿಯ ಬಳಿ, ನದಿಗೆ ಕಟ್ಟಿದ ಒಡ್ಡಿನ ಮೇಲೆ ನಡೆದೇ ದಾಟಿದರು. ಹಡಗುಗಳಿಗಾಗಿ ಕಟ್ಟಿದ ಒಡ್ಡು ಸೇನೆಗೆ ದಾರಿಯಾಯಿತು. 1944ರ ಕ್ರಿಸ್‌ಮಸ್ ವೇಳೆಗೆ ಜರ್ಮನ್ ಟ್ಯಾಂಕುಗಳು ಮತ್ತೆ ಮ್ಯೂಸ್ ಕಡೆಗೆ ನುಗ್ಗಿ, ದಿನಾಂಗೆ ಹತ್ತಿರದ ಸೆಲ್ ಹಳ್ಳಿಯ ಬಳಿ ನಿಂತುಹೋದವು.

ನಡಿಗೆಗೆ ನಾನು ಅನುಸರಿಸುವ ಕ್ರಮ ಹೀಗಿದೆ. ರೈಲು ನಿಲ್ದಾಣ ಎಡದಡದಲ್ಲಿದೆ. ಅಲ್ಲೇ ನಿಂತು ಎದುರಿನ ಇಡೀ ಊರನ್ನು ಒಮ್ಮೆ ನೋಡಲು ಹೇಳುತ್ತೇನೆ. ಸೇತುವೆ ದಾಟಿ, 408 ಮೆಟ್ಟಿಲು ಹತ್ತಿ ಕೋಟೆಗೆ. ಹತ್ತಲಾರದವರಿಗೆ ತಂತಿಹಾದಿಯ ಗಾಡಿಯಿದೆ. ಈಗಿನ ಕೋಟೆ 1815ರ ನಂತರ ಡಚ್ಚರು ಕಟ್ಟಿಸಿದ್ದು. ನನಗೆ ಅದಕ್ಕಿಂತ ಅಲ್ಲಿಂದ ಕಾಣುವ ಕಣಿವೆಯೇ ಮುಖ್ಯ. ಇಳಿದ ಮೇಲೆ ಕೂಕ್ ಎಂಬ ಬಿಸ್ಕತ್ತು ಕೊಳ್ಳುತ್ತೇವೆ. ಗೋಧಿಹಿಟ್ಟು, ಜೇನುತುಪ್ಪ ಎರಡೇ. ಕೆತ್ತಿದ ಮರದಚ್ಚಿಗೆ ಒತ್ತಿ ಬೇಯಿಸಿದ್ದು. ಕಲ್ಲಿನಂತೆ ಗಟ್ಟಿ, ಮುರಿದು ಬಾಯಲ್ಲಿಟ್ಟು ಕರಗಿಸಬೇಕು. ದಕ್ಷಿಣಕ್ಕೆ ನಡೆದರೆ ಬಯಾರ್ ಬಂಡೆ, ಮುಖ್ಯ ಬಂಡೆಗೋಡೆಯಿಂದ ಸೀಳಿ ನಿಂತ ಸೂಜಿ. ನಾಲ್ವರು ಸೋದರರನ್ನು ಹೊತ್ತ ಮಾಯಾ ಕುದುರೆ ನದಿ ಹಾರಿದಾಗ ಗೊರಸಿನ ಏಟಿಗೆ ಸೀಳಿತೆಂದು ಐತಿಹ್ಯ. ಆ ಸೀಳಿನ ದಾರಿಯನ್ನು ಅಗಲಿಸಿದವರು ಫ್ರಾನ್ಸಿನ ದೊರೆ 14ನೇ ಲೂಯಿಯ ಸೈನಿಕರು. ಇಂದು ಅದರೊಳಗೆ ಕಾರುಗಳು ಓಡುತ್ತವೆ.

2021ರ ಜುಲೈ 24ರ ನಂತರ ನನ್ನ ನಕ್ಷೆಗೆ ಇನ್ನೊಂದು ಸಂಗತಿ ಸೇರಿತು. ಆ ದಿನ ಬೀದಿಗಳಲ್ಲಿ ಕಾರುಗಳನ್ನು ಒಂದರ ಮೇಲೊಂದು ಪೇರಿಸಿದ ನೀರು ಮ್ಯೂಸ್‌ನದಲ್ಲ. ಬಿರುಮಳೆಗೆ ಮೇಲಿನ ಇಳಿಜಾರುಗಳಿಂದ ಧುಮ್ಮಿಕ್ಕಿದ್ದು. ಈಗ ನದಿಯನ್ನು ಗುರುತಿಸುವಷ್ಟೇ ಎಚ್ಚರದಿಂದ ಬಂಡೆಯ ಹಿಂದಿನ ಕಿರುಕಣಿವೆಗಳನ್ನೂ ನಕ್ಷೆಯಲ್ಲಿ ಗುರುತಿಸುತ್ತೇನೆ. ಜೊತೆಗೆ ಬಂದವರಿಗೆ, ಅವು ಬೀದಿಗಿಳಿಯುವ ತಾಣಗಳನ್ನು ಕೋಟೆಯ ಮೇಲಿಂದಲೇ ತೋರಿಸುತ್ತೇನೆ.